ಲೇಬಲ್ ಪ್ರಿಂಟರ್ ಕ್ಲೀನಿಂಗ್ ಬಗ್ಗೆ

ಎಲ್ಲರ ಗಮನಕ್ಕೆ: ಲೇಬಲ್ ಮೇಲೆ ಉದ್ದಕ್ಕೂ ಬಿಳಿ ಗೆರೆ ಬರ್ತಿದ್ರೆ ತಕ್ಷಣ ಡಾರ್ಕ್‌ನೆಸ್ (ಅಚ್ಚು ಎಷ್ಟು ಕಪ್ಪಾಗಿ ಬರಬೇಕು ಅನ್ನೋ ಸೆಟ್ಟಿಂಗ್) ಏರಿಸಬೇಡಿ, ಹೆಡ್ (ಬಿಸಿಯಾಗಿ ಲೇಬಲ್ ಮೇಲೆ ಅಚ್ಚು ಮೂಡಿಸೋ ಭಾಗ) ಬೇಗ ಸವೆಯುತ್ತೆ. ಬಹಳಷ್ಟು ಸಲ ಹೆಡ್‌ಗೆ ಅಂಟಿರೋದು ಲೇಬಲ್‌ನ ಗೋಂದು, ಕಾಗದದ ಧೂಳು ಅಷ್ಟೆ.

ರೋಲ್ ಬದಲಿಸುವಾಗಲೇ ಕ್ಲೀನ್ ಮಾಡಿಬಿಡಿ. ಪ್ಲಗ್ ತೆಗೆದು, ಹೆಡ್ ತಣ್ಣಗಾಗಲು ಬಿಡಿ. ನೂಲು ಬಿಡದ ಬಟ್ಟೆಗೆ 99% ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿ ಒಂದೇ ದಿಕ್ಕಿಗೆ ಮೆಲ್ಲಗೆ ಒರೆಸಿ. ಬೆರಳು ತಾಗಿಸಬೇಡಿ, ಕೈಯ ಜಿಡ್ಡು ಹೆಡ್‌ಗೆ ಆಗಲ್ಲ. ಅಂಟು ಕೆರೆಯೋಕೆ ಬ್ಲೇಡ್ ಅಂತೂ ಬೇಡವೇ ಬೇಡ! ರಬ್ಬರ್ ರೋಲರನ್ನು ಕೈಯಲ್ಲಿ ತಿರುಗಿಸುತ್ತಾ ಸುತ್ತಲೂ ಒರೆಸಿ. ಸೆನ್ಸರ್‌ಗೆ ಮೆತ್ತನೆಯ ಬ್ರಶ್ ಸಾಕು. ಪೂರ್ತಿ ಒಣಗಿದ ಮೇಲೆಯೇ ಆನ್ ಮಾಡಿ.

ಇಷ್ಟಾದರೂ ಗೆರೆ ಅದೇ ಜಾಗದಲ್ಲಿ ಬಂದರೆ ಹೆಡ್‌ನ ಚುಕ್ಕಿ (ಬಿಸಿಯಾಗೋ ಸಣ್ಣ ಬಿಂದು) ಸುಟ್ಟಿರಬಹುದು. ಲೇಬಲ್ ಫೋಟೊ ಇಲ್ಲೇ ಹಾಕಿ, ನೋಡ್ತೀನಿ.