ಹೆಣೆದ ಸ್ವೆಟರಿಗೆ ಜಿಪ್ ಹಾಕುವ ಬಗ್ಗೆಯೂ ಬರೆಯಿರಿ

ಮಾನ್ಯ ಸಂಪಾದಕರೇ,

ಚಳಿಗಾಲಕ್ಕೆ ಮುನ್ನ ನಿಮ್ಮ ಮಹಿಳಾ ಪುರವಣಿಯಲ್ಲಿ ಪ್ರಕಟವಾಗುವ ಹೆಣಿಗೆಯ ಮಾದರಿಗಳು ಕೊಡಗಿನಂಥ ಚಳಿಯ ಊರುಗಳ ಓದುಗರಿಗೆ ಬಹಳ ಉಪಯುಕ್ತವಾಗಿವೆ. ಆದರೆ ಮಕ್ಕಳ ಸ್ವೆಟರಿನ ಇತ್ತೀಚಿನ ಮಾದರಿಯಲ್ಲಿ ತೋಳು, ಕತ್ತಿನ ಪಟ್ಟಿಗಳನ್ನು ಸಾಲು ಸಾಲಾಗಿ ವಿವರಿಸಿ, ಕೊನೆಗೆ ‘ಟೈಲರ್ ಬಳಿ ಜಿಪ್ ಹಾಕಿಸಿಕೊಳ್ಳಿ’ ಎಂದು ಒಂದೇ ಮಾತಿನಲ್ಲಿ ಮುಗಿಸಿರುವುದಕ್ಕೆ ನನ್ನ ಆಕ್ಷೇಪವಿದೆ. ಚೆನ್ನಾಗಿ ಹೆಣೆದ ಸ್ವೆಟರು ಕೆಡುವುದು ಸಾಮಾನ್ಯವಾಗಿ ಆ ಹಂತದಲ್ಲಿಯೇ.

ಹೆಣಿಗೆ ಎಳೆದರೆ ಹಿಗ್ಗುತ್ತದೆ, ಜಿಪ್ಪಿನ ನೇಯ್ದ ಪಟ್ಟಿ ಹಿಗ್ಗುವುದಿಲ್ಲ. ಹೊಲಿಗೆ ಯಂತ್ರದ ಪಾದವು ಮೇಲಿನಿಂದ ಒತ್ತಿ, ಕೆಳಗಿನ ಹಲ್ಲುಗಳು ಬಟ್ಟೆಯನ್ನು ಮುಂದಕ್ಕೆ ತಳ್ಳುವಾಗ ಹೆಣಿಗೆಯ ಅಂಚು ಹಿಗ್ಗುತ್ತದೆ. ಹಿಗ್ಗಿದ ಸ್ಥಿತಿಯಲ್ಲೇ ಜಿಪ್ಪಿಗೆ ಸೇರಿಹೋಗುವುದರಿಂದ ಅದು ಮತ್ತೆ ಕುಗ್ಗಲಾರದೆ, ಸ್ವೆಟರಿನ ಮುಂಭಾಗ ಅಲೆಅಲೆಯಾಗಿ ನಿಲ್ಲುತ್ತದೆ. ಪ್ಯಾಂಟಿಗೆ ದಿನವೂ ಜಿಪ್ ಹಾಕುವ ಟೈಲರನನ್ನು ಇದಕ್ಕಾಗಿ ದೂರುವುದು ನ್ಯಾಯವಲ್ಲ. ಈ ಕೆಲಸ ಕೈಹೊಲಿಗೆಗೇ ಸೇರಿದ್ದು.

ಜಿಪ್ ಕೊಳ್ಳುವ ಮೊದಲು ಸ್ವೆಟರನ್ನು ಒಗೆದು, ನೇತುಹಾಕದೆ ಟವೆಲ್ಲಿನ ಮೇಲೆ ಹರಡಿ ಒಣಗಿಸಿ, ನಂತರವೇ ಅಂಚನ್ನು ಎಳೆಯದೆ ಅಳೆಯಬೇಕು. ಒಗೆಯುವ ಮುಂಚಿನ ಅಳತೆ ನಂಬುವಂಥದ್ದಲ್ಲ. ಸರಿಯಾದ ಉದ್ದದ ಜಿಪ್ ಸಿಗದಿದ್ದರೆ ತುಸು ಉದ್ದನೆಯದನ್ನೇ ಕೊಂಡು ಮೇಲ್ತುದಿಯಲ್ಲಿ ಕತ್ತರಿಸುವುದು ಮೇಲು. ಮುಂಭಾಗ ಪೂರ್ತಿ ಬಿಚ್ಚಿಕೊಳ್ಳುವ ಜಿಪ್ಪಿನ ಕೆಳತುದಿಯಲ್ಲಿ ಎರಡೂ ಬದಿಯನ್ನು ಕೂಡಿಸುವ ಭಾಗ ಇರುವುದರಿಂದ ಅಲ್ಲಿ ಕತ್ತರಿ ಹಾಕುವಂತಿಲ್ಲ. ಕತ್ತರಿಸುವ ಮುನ್ನ, ರನ್ನರ್ ಕಳಚಿ ಬಾರದಂತೆ, ಉಳಿಯುವ ಮೇಲ್ತುದಿಯ ಹಲ್ಲುಗಳ ಮೇಲೆ ಎರಡೂ ಬದಿಯಲ್ಲಿ ದಪ್ಪ ದಾರದಿಂದ ಹಲವು ಸುತ್ತು ಹೊಲಿಯಬೇಕು. ಮಕ್ಕಳ ಸ್ವೆಟರಿಗೆ ಸಣ್ಣ ಹಲ್ಲಿನ, 3ನೇ ನಂಬರಿನ ನೈಲಾನ್ ಜಿಪ್ ಸಾಕು; ಲೋಹದ ಜಿಪ್ ನೋಡಲು ಚೆಂದವೇ ಹೊರತು ಅದರ ಭಾರಕ್ಕೆ ತೆಳುವಾದ ಹೆಣಿಗೆ ಜೋತುಬೀಳುತ್ತದೆ.

ಅಂಚಿನ ವಿಚಾರವನ್ನು ಹೆಣೆಯುವಾಗಲೇ ಯೋಚಿಸಬೇಕು. ಒಂದು ಬದಿಯೆಲ್ಲ ಸೀದಾ, ಇನ್ನೊಂದು ಬದಿಯೆಲ್ಲ ಉಲ್ಟಾ ಕಾಣುವ ಹೆಣಿಗೆಯ ಅಂಚು ತಾನಾಗಿ ಸುರುಳಿಯಾಗುವುದರಿಂದ, ಅಂಚಿನ ಎರಡು ಮೂರು ಮನೆಗಳನ್ನು (ಕಡ್ಡಿಯ ಮೇಲಿನ ಕುಣಿಕೆಗಳನ್ನು) ಎಲ್ಲ ಸಾಲುಗಳಲ್ಲೂ ಸೀದಾ ಹೆಣೆದರೆ ಅದು ಚಪ್ಪಟೆಯಾಗಿ ಕೂರುತ್ತದೆ. ಹೆಣೆದು ಮುಗಿದಿದ್ದರೆ ಕ್ರೋಶಾ ಕಡ್ಡಿಯಿಂದ ಒಂದು ಸಾಲು ಹಾಕಿಕೊಳ್ಳಬಹುದು.

ಹೊಲಿಯುವಾಗ ಮುಚ್ಚಿದ ಜಿಪ್ಪನ್ನು ಎರಡು ಅಂಚುಗಳ ಅಡಿಯಲ್ಲಿಟ್ಟು, ಪಟ್ಟೆ ಪಟ್ಟೆಗೆ ಹೊಂದುವಂತೆ ನೋಡಿ, ನಡುವಿನಿಂದ ಎರಡೂ ತುದಿಗಳ ಕಡೆಗೆ ಗುಂಡುಸೂಜಿ ಚುಚ್ಚುತ್ತ ಹೋಗಬೇಕು. ಬೇರೆ ಬಣ್ಣದ ದಾರದಲ್ಲಿ ಕಚ್ಚಾ ಹೊಲಿಗೆ ಹಾಕಿದ ಮೇಲೆ ಒಮ್ಮೆ ಜಿಪ್ ತೆರೆದು ಮುಚ್ಚಿ ನೋಡಿ, ಸರಿಯಿದ್ದರೆ ಸ್ವೆಟರಿನದೇ ಬಣ್ಣದ ಹೊಲಿಗೆ ದಾರದಿಂದ, ಉಣ್ಣೆಯಿಂದಲ್ಲ, ಅಂಚಿನಿಂದ ಒಂದು ಮನೆ ಒಳಗೆ ಬ್ಯಾಕ್ ಸ್ಟಿಚ್ (ಪ್ರತಿ ಸಲವೂ ಸೂಜಿಯನ್ನು ತುಸು ಹಿಂದಕ್ಕೆ ಚುಚ್ಚಿ ಮುಂದೆ ತೆಗೆಯುವ ಹೊಲಿಗೆ) ಹಾಕಬೇಕು. ಒಳಗಡೆ ಪಟ್ಟಿಯ ಹೊರ ಅಂಚನ್ನು ಹೆಣಿಗೆಯ ಅರ್ಧ ಎಳೆಯನ್ನಷ್ಟೇ ಹಿಡಿಯುವಂತೆ ಹೆಮ್ಮಿಂಗ್ ಮಾಡಿದರೆ ಹೊರಗೆ ಏನೂ ಕಾಣುವುದಿಲ್ಲ. ಜಿಪ್ ಕಾಣಲೇಬಾರದೆಂದು ಎರಡು ಅಂಚುಗಳನ್ನು ಒತ್ತಟ್ಟಿಗೆ ತರುವ ಪದ್ಧತಿಯೂ ಇದೆ; ಮಕ್ಕಳ ಬಟ್ಟೆಯಲ್ಲಿ ಅದು ನನಗೆ ಒಪ್ಪಿಗೆಯಿಲ್ಲ, ಏಕೆಂದರೆ ಅವಸರದಲ್ಲಿ ಎಳೆದ ರನ್ನರಿಗೆ ಉಣ್ಣೆಯ ಎಳೆ ಸಿಕ್ಕಿಕೊಳ್ಳುತ್ತದೆ. ಮೇಲ್ತುದಿಯ ಪಟ್ಟಿಯನ್ನು ಮಡಚಿ ಕಾಲರಿನೊಳಗೆ ಸೇರಿಸದಿದ್ದರೆ ಅದು ಕತ್ತಿಗೆ ಚುಚ್ಚಿ, ಮಗು ಸ್ವೆಟರನ್ನೇ ಬೇಡವೆನ್ನುತ್ತದೆ.

ಆದ್ದರಿಂದ ಮುಂದಿನ ಮಾದರಿಗಳಲ್ಲಿ ಬೇಕಾದ ಸಾಮಗ್ರಿಗಳ ಪಟ್ಟಿಯಲ್ಲೇ ಜಿಪ್ಪಿನ ಬಗೆ ಮತ್ತು ನಂಬರನ್ನು ತಿಳಿಸಿ, ಉದ್ದವನ್ನು ಒಗೆದ ಮೇಲೆ ಅಳೆದು ಕೊಳ್ಳುವಂತೆ ಸೂಚಿಸಬೇಕೆಂದೂ, ಸ್ವೆಟರಿನ ಹೊರಬದಿಯ ಚಿತ್ರದ ಜೊತೆಗೆ ಒಳಬದಿಯ ಒಂದು ಚಿತ್ರವನ್ನೂ ಮುದ್ರಿಸಬೇಕೆಂದೂ ಕೋರುತ್ತೇನೆ.

ಇಂತಿ,
ಹೆಣಿಗೆ ಕಲಿಸುವ ಓದುಗಿ, ಮಡಿಕೇರಿ