ಚುಕ್ಕಿಗೆ ವೈದ್ಯರನ್ನು ಗೊತ್ತುಮಾಡುವ ವಿಷಯ

ತೀರ್ಥರೂಪರಾದ ಅಪ್ಪನವರಿಗೆ ಮತ್ತು ಅಮ್ಮನಿಗೆ ನಿಮ್ಮ ಮಗಳು ಮಾಡುವ ನಮಸ್ಕಾರಗಳು. ಉಭಯ ಕುಶಲೋಪರಿ.

ಮನೆಗೆ ನಾಯಿಮರಿ ಚುಕ್ಕಿ ಬಂದ ಸುದ್ದಿಯನ್ನು ನೀವು ಫೋನಿನಲ್ಲಿ ಹೇಳಿದ ದಿನ ನನಗಾದ ಸಂತೋಷವನ್ನು ಮಾತಿನಲ್ಲಿ ಹೇಳಲಾರೆ. ಆದರೆ ವೈದ್ಯರ ವಿಷಯ ಎತ್ತಿದಾಗ, "ಮೈಗೆ ಹುಷಾರಿಲ್ಲದಾಗ ಹತ್ತಿರದಲ್ಲಿ ಯಾರಿದ್ದಾರೋ ಅವರಿಗೆ ತೋರಿಸಿದರಾಯಿತು, ಆರೋಗ್ಯವಾಗಿರುವ ಮರಿಗೆ ಈಗಲೇ ಏಕೆ ಖರ್ಚು" ಎಂದು ನೀವು ಅಂದಿರಿ. ಆ ಮಾತಿಗೆ ನಾನು ಅಂದು ಉತ್ತರ ಕೊಡಲಿಲ್ಲ. ಒಂದು ಕಾಲದಲ್ಲಿ ನಾನೂ ಹಾಗೆಯೇ ಯೋಚಿಸುತ್ತಿದ್ದೆ, ಮತ್ತು ಅದರ ಬೆಲೆಯನ್ನು ನನ್ನ ಬೆಕ್ಕು ಕರಿಯ ತೆರಬೇಕಾಯಿತು. ನಿಮಗೆ ಇದುವರೆಗೆ ಹೇಳದೆ ಉಳಿಸಿಕೊಂಡ ಆ ಸಂಗತಿಯನ್ನು ಈಗ ಹೇಳಿಬಿಡುತ್ತೇನೆ.

ಮೂರು ವರ್ಷಗಳ ಹಿಂದೆ ಒಂದು ಬೆಳಿಗ್ಗೆಯಿಂದ ಕರಿಯ ಮಲಮೂತ್ರಕ್ಕೆಂದು ಇಟ್ಟ ತನ್ನ ಮರಳಿನ ತಟ್ಟೆಗೆ ಮತ್ತೆ ಮತ್ತೆ ಹೋಗಿ ಕುಳಿತು ತಿಣುಕುತ್ತಿದ್ದ. ಮಲಬದ್ಧತೆ ಇರಬಹುದೆಂದು ನಾನು ಭಾವಿಸಿದೆ. ವೈದ್ಯರಲ್ಲಿಗೆ ಹೋದರೆ ಎಷ್ಟಾದೀತೋ ಎಂಬ ಅಳುಕಿನಿಂದ ಒಂದು ಇಡೀ ದಿನ ಕಾದೆ. ಮರುದಿನ ರಾತ್ರಿ ಅವನು ವಾಂತಿ ಮಾಡಿಕೊಂಡು ಒಂದೇ ಕಡೆ ಮುದುಡಿ ಮಲಗಿದಾಗ, ನನಗೆ ಪರಿಚಯದ ವೈದ್ಯರು ಒಬ್ಬರೂ ಇಲ್ಲದ ಕಾರಣ, ರಾತ್ರಿಯೂ ತೆರೆದಿರುವ ದೊಡ್ಡ ಆಸ್ಪತ್ರೆಯೊಂದಕ್ಕೆ ಎತ್ತಿಕೊಂಡು ಓಡಿದೆ. ಅವನಿಗೆ ಆಗಿದ್ದುದು ಮೂತ್ರನಾಳದ ತಡೆ. ಗಂಡು ಬೆಕ್ಕಿನ ಮೂತ್ರನಾಳ ಬಹಳ ಕಿರಿದಾಗಿರುವುದರಿಂದ ಸಣ್ಣ ಹರಳಾಗಲಿ ಲೋಳೆಯಾಗಲಿ ಅದನ್ನು ಮುಚ್ಚಿಬಿಡಬಲ್ಲದು. ಮೂತ್ರ ಹೊರಗೆ ಹೋಗದಿದ್ದರೆ ರಕ್ತದಲ್ಲಿ ಪೊಟ್ಯಾಸಿಯಮ್ ಏರಿ ಹೃದಯವೇ ನಿಂತುಹೋಗುತ್ತದೆ. ಎರಡು ಮೂರು ದಿನಗಳಲ್ಲಿ ಪ್ರಾಣ ಹೋಗುವ ಕಾಯಿಲೆ ಅದು. ಮೊದಲ ದಿನವೇ ಹೋಗಿದ್ದರೆ ನಳಿಕೆ ಹಾಕಿ ತಡೆಯನ್ನು ಬಿಡಿಸಿ ಬೇಗ ಮನೆಗೆ ಕಳುಹಿಸುವ ಸಾಧ್ಯತೆ ಇತ್ತಂತೆ. ನಾನು ತಡ ಮಾಡಿದ್ದರಿಂದ ಐದು ದಿನ ಒಳಗಿಟ್ಟುಕೊಳ್ಳಬೇಕಾಯಿತು. ಅಂದಾಜು ವೆಚ್ಚದ ಹಾಳೆಯನ್ನು ಮುಂದಿಟ್ಟಾಗ ಹಣದ ಮಾತಾಡಿದರೆ ಪ್ರಾಣಿಯ ಮೇಲೆ ಪ್ರೀತಿ ಇಲ್ಲವೆಂದು ತಿಳಿದಾರೆಂಬ ಸಂಕೋಚದಿಂದ ಓದದೆಯೇ ಸಹಿ ಹಾಕಿದೆ. ಕರಿಯ ಉಳಿದ. ಅವನ ಮೂತ್ರಪಿಂಡಗಳು ಮೊದಲಿನಂತಾಗಲಿಲ್ಲ, ಮತ್ತು ಆಸ್ಪತ್ರೆಯ ವೆಚ್ಚಕ್ಕೆ ಮಾಡಿದ ಸಾಲದ ಕಂತುಗಳನ್ನು ನಾನು ಒಂದೂವರೆ ವರ್ಷ ಕಟ್ಟಿದೆ.

ಆದ್ದರಿಂದ ಅಪ್ಪಾ, ನಿಮ್ಮಲ್ಲಿ ನನ್ನ ಮೊದಲ ಬೇಡಿಕೆ ಇದು: ಚುಕ್ಕಿ ಚೆನ್ನಾಗಿರುವಾಗಲೇ ವೈದ್ಯರನ್ನು ಗೊತ್ತುಮಾಡಿಕೊಳ್ಳಿ. ಕಾಯಿಲೆಯ ಆತಂಕದಲ್ಲಿ ಆಯ್ಕೆ ಮಾಡುವ ವ್ಯವಧಾನ ಯಾರಿಗೂ ಇರುವುದಿಲ್ಲ, ಸಿಕ್ಕಿದವರ ಕೈಗೆ ಒಪ್ಪಿಸುವುದಷ್ಟೇ ಉಳಿಯುತ್ತದೆ. ಹೇಗಿದ್ದರೂ ಲಸಿಕೆಗೆ ಹೋಗಲೇಬೇಕು. ಆ ಮೊದಲ ಭೇಟಿಯನ್ನು ಮರಿಗೆ ಮಾತ್ರವಲ್ಲ, ವೈದ್ಯರಿಗೂ ಒಂದು ಪರೀಕ್ಷೆಯೆಂದು ನೋಡಿ. ಮೊದಲಿಗೆ ತೂಕ ಮಾಡುತ್ತಾರೆಯೇ ಎಂಬುದನ್ನು ಗಮನಿಸಿ. ಪ್ರಾಣಿಗಳಿಗೆ ಹೆಚ್ಚಿನ ಔಷಧಿಗಳ ಪ್ರಮಾಣವನ್ನು ತೂಕದ ಲೆಕ್ಕದಲ್ಲೇ ಕೊಡುವುದರಿಂದ, ಕಣ್ಣಳತೆಯಲ್ಲೇ ಅಂದಾಜು ಮಾಡಿ ಇಂಜೆಕ್ಷನ್ ಚುಚ್ಚುವವರ ಮೇಲೆ ನನಗೆ ಭರವಸೆ ಹುಟ್ಟುವುದಿಲ್ಲ. ಲಸಿಕೆಗೆಂದೇ ಹೋಗಿದ್ದರೂ ಒಳ್ಳೆಯ ವೈದ್ಯರು ಮರಿಯ ಬಾಯಿ ತೆರೆದು ಹಲ್ಲು ವಸಡು ನೋಡುತ್ತಾರೆ, ಎದೆಯ ಬಡಿತ ಕೇಳುತ್ತಾರೆ, ಹೊಟ್ಟೆ ಒತ್ತಿ ನೋಡುತ್ತಾರೆ, ಕಿವಿಯೊಳಗೆ ಇಣುಕುತ್ತಾರೆ. ಏನು ತಿನ್ನುತ್ತದೆ, ಹೇಗೆ ಮಲಗುತ್ತದೆ, ಜಂತುಹುಳುವಿನ ಮಾತ್ರೆ ಯಾವಾಗ ಕೊಟ್ಟಿರಿ ಎಂದು ಕೇಳುತ್ತಾರೆ. ಹೆದರಿದ ಮರಿಯನ್ನು ಗದರಿಸಿ ಹಿಡಿಯುವವರು ಮತ್ತು ನೆಲದ ಮೇಲೆ ಕುಳಿತು ಅದು ಹತ್ತಿರ ಬರುವವರೆಗೆ ಕಾಯುವವರು ಇಬ್ಬರನ್ನೂ ನಾನು ನೋಡಿದ್ದೇನೆ. ಒಮ್ಮೆ ಗಾಬರಿಯಾದ ಪ್ರಾಣಿ ಆ ಮೇಜನ್ನು ಮರೆಯುವುದಿಲ್ಲ. ಆಮೇಲೆ ಉಗುರು ಕತ್ತರಿಸುವುದಕ್ಕೂ ಮಂಪರು ಬರಿಸಬೇಕಾಗಿ ಬರಬಹುದು, ಅದೂ ಖರ್ಚೇ.

ಅವರನ್ನು ಕೆಲವು ಪ್ರಶ್ನೆ ಕೇಳಲು ಹಿಂಜರಿಯಬೇಡಿ. ರಾತ್ರಿ ಅಥವಾ ರಜೆಯ ದಿನ ತೊಂದರೆಯಾದರೆ ನಾವು ಯಾರಲ್ಲಿಗೆ ಹೋಗಬೇಕು? ರಕ್ತ ಪರೀಕ್ಷೆ, ಎಕ್ಸ್‌ರೇ, ಸ್ಕ್ಯಾನಿಂಗ್ ಇಲ್ಲಿಯೇ ಆಗುತ್ತದೆಯೇ ಅಥವಾ ಬೇರೆಡೆಗೆ ಕಳುಹಿಸುತ್ತೀರಾ? ಚಿಕಿತ್ಸೆಯ ದಾಖಲೆಗಳ ಪ್ರತಿ ಕೊಡುತ್ತೀರಾ? ಇದ್ದುದನ್ನು ಇದ್ದಂತೆ ಹೇಳುವವರಾದರೆ ಸಾಕು. "ಇದು ನನ್ನ ಕೈಯಲ್ಲಿಲ್ಲ, ಇಂಥವರಲ್ಲಿಗೆ ಹೋಗಿ" ಎನ್ನುವ ಸಣ್ಣ ದವಾಖಾನೆಯ ವೈದ್ಯರು, ಎಲ್ಲವೂ ನಮ್ಮಲ್ಲೇ ಇದೆ ಎನ್ನುವ ದೊಡ್ಡ ಆಸ್ಪತ್ರೆಗಿಂತ ನಂಬಿಕೆಗೆ ಅರ್ಹರಾಗಿರಬಹುದು. ಗಾಜಿನ ಬಾಗಿಲು, ಹೊಳೆಯುವ ನೆಲ ನೋಡಿ ನಾನು ಮೋಸಹೋದದ್ದುಂಟು. ಈಗ ಕರಿಯನನ್ನು ನೋಡುತ್ತಿರುವವರದು ಎರಡೇ ಕೋಣೆಗಳ ಜಾಗ. ಆದರೆ ಪ್ರತಿ ಸಲ ಅವನ ಹಿಂದಿನ ತೂಕವನ್ನು ಇಂದಿನದರ ಪಕ್ಕದಲ್ಲಿ ಬರೆದು ನನಗೆ ತೋರಿಸುತ್ತಾರೆ.

ಹಣದ ಮಾತು ಎಲ್ಲಕ್ಕಿಂತ ಮುಖ್ಯ, ಮತ್ತು ನಿಮಗೆ ಅದೇ ಕಷ್ಟವೆಂದು ಬಲ್ಲೆ. ನಮ್ಮ ಕೈಲಾಗುವುದು ಇಷ್ಟು ಎಂದು ವೈದ್ಯರೆದುರು ಬಾಯಿಬಿಟ್ಟು ಹೇಳುವುದು ನಿಮ್ಮ ಸ್ವಭಾವಕ್ಕೆ ಒಗ್ಗುವುದಿಲ್ಲ, ನನಗೂ ಒಗ್ಗುತ್ತಿರಲಿಲ್ಲ. ಆದರೆ ಒಂದೇ ಕಾಯಿಲೆಗೆ ಸಾಮಾನ್ಯವಾಗಿ ಒಂದಕ್ಕಿಂತ ಹೆಚ್ಚು ದಾರಿಗಳಿರುತ್ತವೆ, ಮತ್ತು ನಮ್ಮ ಶಕ್ತಿ ಎಷ್ಟೆಂದು ತಿಳಿಯದ ವೈದ್ಯರು ಅತ್ಯಂತ ದುಬಾರಿಯಾದ ದಾರಿಯನ್ನೇ ಮೊದಲು ಹೇಳುವುದು ಸಹಜ. ಇದಕ್ಕೆ ಪಾರ್ವೋ ಕಾಯಿಲೆಯೇ ಸಾಕ್ಷಿ. ನಾಯಿಮರಿಗಳಿಗೆ ರಕ್ತಭೇದಿ, ವಾಂತಿ ತಂದು ಕೊಲ್ಲುವ ಈ ಸೋಂಕಿಗೆ ಆಸ್ಪತ್ರೆಯಲ್ಲಿಟ್ಟು ರಕ್ತನಾಳದ ಮೂಲಕ ದ್ರವ ಕೊಡುವುದೇ ಉತ್ತಮ ಚಿಕಿತ್ಸೆ. ಅಮೆರಿಕದ ಕೊಲೊರಾಡೊ ರಾಜ್ಯ ವಿಶ್ವವಿದ್ಯಾಲಯದ ಪಶುವೈದ್ಯರು ಪಾರ್ವೋ ತಗುಲಿದ 40 ನಾಯಿಗಳಿಗೆ ಆರಂಭದಲ್ಲಿ ರಕ್ತನಾಳದ ಮೂಲಕ ದ್ರವ ಕೊಟ್ಟು ಸ್ಥಿತಿ ಸುಧಾರಿಸಿದ ಮೇಲೆ ಅವುಗಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಒಳರೋಗಿಯ ಪೂರ್ಣ ಚಿಕಿತ್ಸೆ. ಇನ್ನೊಂದಕ್ಕೆ ಚರ್ಮದಡಿಯ ದ್ರವ, ವಾಂತಿ ತಡೆಯುವ ಇಂಜೆಕ್ಷನ್, ದೀರ್ಘಕಾಲ ಕೆಲಸ ಮಾಡುವ ಒಂದು ಆಂಟಿಬಯೋಟಿಕ್ ಇಂಜೆಕ್ಷನ್ ಮಾತ್ರ, ಅಂದರೆ ಮನೆಯಲ್ಲಿಟ್ಟುಕೊಂಡೂ ಮಾಡಬಹುದಾದ ಆರೈಕೆ. 2017ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಮೊದಲ ಗುಂಪಿನಲ್ಲಿ ಶೇಕಡಾ 90ರಷ್ಟು, ಎರಡನೆಯದರಲ್ಲಿ ಶೇಕಡಾ 80ರಷ್ಟು ನಾಯಿಗಳು ಬದುಕಿದವು. ಮೊದಲಿನದೇ ಮೇಲು, ಸಂಶಯವಿಲ್ಲ. ಆದರೆ ಅದು ಕೈಗೆಟುಕದ ಮನೆಯಲ್ಲಿ ಎರಡನೆಯ ದಾರಿಯನ್ನು ಯಾರೂ ಹೇಳದೆ ಹೋದರೆ, ಉಳಿಯಬಹುದಾಗಿದ್ದ ಮರಿಯನ್ನು ಸಂಕೋಚದ ಕಾರಣಕ್ಕೇ ಕಳೆದುಕೊಂಡಂತಾಗುತ್ತದೆ.

ನಾನು ಈಗ ಪ್ರತಿ ಸಲ ಕೇಳುವ ಮಾತುಗಳನ್ನು ನೀವೂ ಕೇಳಿ. ಈ ಪರೀಕ್ಷೆಯ ಫಲಿತಾಂಶ ಬಂದ ಮೇಲೆ ಚಿಕಿತ್ಸೆಯಲ್ಲಿ ಏನು ಬದಲಾಗುತ್ತದೆ? ಏನೂ ಬದಲಾಗುವುದಿಲ್ಲವೆಂದಾದರೆ ಅದನ್ನು ಮುಂದೂಡಬಹುದು. ಇಂದೇ ಆಗಬೇಕಾದುದು ಯಾವುದು, ಎರಡು ದಿನ ಕಾದು ನೋಡಬಹುದಾದುದು ಯಾವುದು? ಕಾಯುವುದಾದರೆ ಯಾವ ಲಕ್ಷಣ ಕಂಡರೆ ತಕ್ಷಣ ಮರಳಿ ಬರಬೇಕು? ಅಂದಾಜು ವೆಚ್ಚವನ್ನು ಕಡಿಮೆಯೆಂದರೆ ಎಷ್ಟು, ಹೆಚ್ಚೆಂದರೆ ಎಷ್ಟು ಎಂದು ಬಿಡಿಬಿಡಿಯಾಗಿ ಬರೆದುಕೊಡುತ್ತೀರಾ, ಅದನ್ನು ಮೀರುವ ಮೊದಲು ನನಗೆ ಫೋನ್ ಮಾಡುತ್ತೀರಾ? ದೀರ್ಘಕಾಲ ಕೊಡಬೇಕಾದ ಔಷಧಿಯಾದರೆ ಹೊರಗೆ ಕೊಳ್ಳಲು ಚೀಟಿ ಬರೆದುಕೊಡಲು ಕೇಳಬಹುದು. ಇವಕ್ಕೆ ಸಿಡುಕುವ ವೈದ್ಯರು ಎಷ್ಟೇ ನುರಿತವರಾಗಿರಲಿ, ನಮಗೆ ಸರಿಹೊಂದುವವರಲ್ಲ. ದೊಡ್ಡ ಶಸ್ತ್ರಚಿಕಿತ್ಸೆಯ ಮಾತು ಬಂದರೆ ಇನ್ನೊಬ್ಬರ ಅಭಿಪ್ರಾಯ ಕೇಳುವುದು ಮೊದಲಿನವರಿಗೆ ಮಾಡಿದ ಅವಮಾನವಲ್ಲ. ಹಾಗೆ ಕೇಳುವಾಗ ದಾಖಲೆಗಳು ಕೈಯಲ್ಲಿದ್ದರೆ ಅದೇ ಪರೀಕ್ಷೆಗಳಿಗೆ ಎರಡನೆಯ ಸಲ ದುಡ್ಡು ಕೊಡುವುದು ತಪ್ಪುತ್ತದೆ.

ಲಸಿಕೆಯ ಖರ್ಚಿನಲ್ಲಿ ಮಾತ್ರ ಕೈ ಬಿಗಿಹಿಡಿಯಬೇಡಿ. ಉಸಿರಾಟವನ್ನೂ ನರಗಳನ್ನೂ ಕೆಡಿಸುವ ಡಿಸ್ಟೆಂಪರ್, ಪಾರ್ವೋ ಮತ್ತು ಯಕೃತ್ತಿನ ಉರಿಯೂತ ತರುವ ಅಡಿನೋ ವೈರಸ್‌ಗಳ ಲಸಿಕೆಯನ್ನು ಆರರಿಂದ ಎಂಟು ವಾರಗಳ ವಯಸ್ಸಿಗೆ ಆರಂಭಿಸಿ, ಎರಡರಿಂದ ನಾಲ್ಕು ವಾರಗಳಿಗೊಮ್ಮೆ, ಹದಿನಾರು ವಾರ ತುಂಬುವವರೆಗೆ ಕೊಡಬೇಕು. ತಾಯಿಯ ಹಾಲಿನಿಂದ ಬಂದ ರೋಗನಿರೋಧಕ ಅಂಶ ಮರಿಯ ರಕ್ತದಲ್ಲಿರುವ ತನಕ ಲಸಿಕೆ ನಾಟದೆ ಹೋಗಬಹುದು, ಅದು ಯಾವಾಗ ಇಳಿಯುತ್ತದೆಂಬುದು ಒಂದೊಂದು ಮರಿಗೆ ಒಂದೊಂದು ರೀತಿ. ಆದ್ದರಿಂದ ಮರಳಿ ಮರಳಿ ಕೊಡುತ್ತಾರೆಯೇ ಹೊರತು ಹಣ ಕೀಳಲು ಅಲ್ಲ. ಬೆಳೆದ ಮೇಲೆ ಈ ಮೂರನ್ನು ಮೂರು ವರ್ಷಕ್ಕಿಂತ ಬೇಗ ಮರುಕಳಿಸುವ ಅಗತ್ಯ ಸಾಮಾನ್ಯವಾಗಿ ಇಲ್ಲವೆಂದು ವಿಶ್ವ ಸಣ್ಣ ಪ್ರಾಣಿಗಳ ಪಶುವೈದ್ಯ ಸಂಘದ ಮಾರ್ಗಸೂಚಿ ಹೇಳುತ್ತದೆ, ಅದನ್ನು ವೈದ್ಯರಲ್ಲಿ ವಿಚಾರಿಸಿ. ಹುಚ್ಚುನಾಯಿ ರೋಗದ ಲಸಿಕೆಯನ್ನು ಆ ಲೆಕ್ಕಕ್ಕೆ ಸೇರಿಸಬಾರದು. ಲಕ್ಷಣ ಕಾಣಿಸಿಕೊಂಡ ಮೇಲೆ ಆ ರೋಗದಿಂದ ಪ್ರಾಣಿಯಾಗಲಿ ಮನುಷ್ಯರಾಗಲಿ ಉಳಿಯುವುದು ಇಲ್ಲವೆಂಬಷ್ಟು ಅಪರೂಪ. ಅದನ್ನು ಕಾನೂನು ಹೇಳಿದ ಗಡುವಿಗೆ ತಪ್ಪದೆ ಹಾಕಿಸಿ.

ಚುಕ್ಕಿ ಹೆಣ್ಣಾದುದರಿಂದ ಸಂತಾನಹರಣ ಶಸ್ತ್ರಚಿಕಿತ್ಸೆಯ ಯೋಚನೆಯೂ ಈಗಲೇ ಇರಲಿ. ಅಮ್ಮನಿಗೆ ಇದು ಹಿಡಿಸುವುದಿಲ್ಲವೆಂದು ಬಲ್ಲೆ. ಆದರೆ ಅದು ಆಗದ ಹೆಣ್ಣುನಾಯಿಗಳಲ್ಲಿ ಬೆದೆ ಮುಗಿದ ಕೆಲವು ವಾರಗಳಲ್ಲಿ ಗರ್ಭಕೋಶದೊಳಗೆ ಕೀವು ತುಂಬುವ ಕಾಯಿಲೆ ಬರಬಹುದು, ಮತ್ತು ಆಗ ನಂಜೇರಿದ ಮೈಯ ಮೇಲೆ ತುರ್ತಾಗಿ ಮಾಡುವ ಅದೇ ಶಸ್ತ್ರಚಿಕಿತ್ಸೆಗೆ ಅಪಾಯವೂ ಹೆಚ್ಚು, ಖರ್ಚೂ ಹೆಚ್ಚು. ಬೆಲೆ ವಿಚಾರಿಸುವಾಗ ಮೊತ್ತವನ್ನಷ್ಟೇ ಹೋಲಿಸಬೇಡಿ. ಅರಿವಳಿಕೆಗೆ ಮೊದಲು ರಕ್ತ ಪರೀಕ್ಷೆ ಇದೆಯೇ, ಅರಿವಳಿಕೆಯ ಉದ್ದಕ್ಕೂ ಉಸಿರು ಮತ್ತು ಹೃದಯದ ಮೇಲೆ ಕಣ್ಣಿಡಲು ಶಸ್ತ್ರಚಿಕಿತ್ಸೆ ಮಾಡುವವರಲ್ಲದೆ ಇನ್ನೊಬ್ಬರು ಇರುತ್ತಾರೆಯೇ, ನೋವಿನ ಔಷಧಿ ಮನೆಗೆ ಕೊಟ್ಟು ಕಳುಹಿಸುತ್ತಾರೆಯೇ ಎಂದು ಕೇಳಿ. ಕಡಿಮೆ ದರದ ಶಿಬಿರಗಳಲ್ಲೂ ಇವೆಲ್ಲ ಇರಬಹುದು, ಹೆಚ್ಚು ದರದ ಕಡೆಯೂ ಇಲ್ಲದಿರಬಹುದು.

ಮನೆಯಲ್ಲಿಯೇ ಉಳಿಸಬಹುದಾದ ಹಣ ಊಟದ ತಟ್ಟೆಯಲ್ಲಿದೆ. ನೆಸ್ಲೆ ಪ್ಯೂರಿನಾ ಸಂಸ್ಥೆಯವರು 48 ಲ್ಯಾಬ್ರಡಾರ್ ನಾಯಿಗಳನ್ನು ಜೋಡಿ ಜೋಡಿಯಾಗಿ ವಿಂಗಡಿಸಿ, ಪ್ರತಿ ಜೋಡಿಯಲ್ಲೊಂದಕ್ಕೆ ಜೀವನಪರ್ಯಂತ ಇನ್ನೊಂದಕ್ಕಿಂತ ಶೇಕಡಾ 25ರಷ್ಟು ಕಡಿಮೆ ಆಹಾರ ಕೊಟ್ಟು ನೋಡಿದರು. 2002ರಲ್ಲಿ ಪ್ರಕಟವಾದ ಫಲಿತಾಂಶದಂತೆ ಕಡಿಮೆ ತಿಂದವುಗಳ ಮಧ್ಯಮ ಆಯುಸ್ಸು (ಅರ್ಧದಷ್ಟು ನಾಯಿಗಳು ದಾಟಿದ ವಯಸ್ಸು) 13 ವರ್ಷ, ಉಳಿದವುಗಳದ್ದು 11.2 ವರ್ಷ, ಕೀಲುನೋವಿಗೆ ಔಷಧಿ ಬೇಕಾದದ್ದೂ ತೆಳ್ಳಗಿದ್ದವುಗಳಿಗೆ ತಡವಾಗಿಯೇ. ಅಪ್ಪಾ, ನಿಮ್ಮ ತಟ್ಟೆಯಿಂದ ಅದಕ್ಕೆ ಹಾಕುವ ತುತ್ತುಗಳನ್ನು ನೆನೆದೇ ಇದನ್ನು ಬರೆಯುತ್ತಿದ್ದೇನೆ. ಪಕ್ಕೆಯ ಮೇಲೆ ಕೈಯಾಡಿಸಿದರೆ ಎಲುಬುಗಳು ಒತ್ತದೆಯೇ ಬೆರಳಿಗೆ ಸಿಗಬೇಕು, ಮೇಲಿನಿಂದ ನೋಡಿದರೆ ಸೊಂಟ ಕಾಣಬೇಕು. ಹಲ್ಲುಗಳನ್ನು ನಾಯಿಗಳಿಗಾಗಿಯೇ ಇರುವ ಪೇಸ್ಟಿನಿಂದ ದಿನವೂ ಉಜ್ಜಿ ಅಭ್ಯಾಸ ಮಾಡಿಸಿದರೆ ಮುಂದೆ ಅರಿವಳಿಕೆ ಕೊಟ್ಟು ಹಲ್ಲು ಶುಚಿ ಮಾಡಿಸುವ ವೆಚ್ಚವೂ ಕಡಿಮೆಯಾಗುತ್ತದೆ.

ವಿಮೆಯ ಬಗ್ಗೆ ಕೇಳಿದ್ದಿರಿ. ಮಾಡಿಸುವುದಾದರೆ ಈಗಲೇ ಮಾಡಿಸಬೇಕು, ಏಕೆಂದರೆ ವಿಮೆಗೆ ಮೊದಲೇ ಇದ್ದ ಕಾಯಿಲೆಗೆ ಅವರು ಸಾಮಾನ್ಯವಾಗಿ ಹಣ ಕೊಡುವುದಿಲ್ಲ. ಕರಿಯನಿಗೆ ಆ ರಾತ್ರಿಯ ನಂತರ ಮಾಡಿಸಲು ಹೋದಾಗ ಮೂತ್ರಕ್ಕೆ ಸಂಬಂಧಿಸಿದ ಎಲ್ಲವನ್ನೂ ಹೊರಗಿಟ್ಟರು; ನನಗೆ ಬೇಕಾಗಿದ್ದುದು ಅದೇ ಆಗಿತ್ತು. ಕಾಗದಪತ್ರ ತರಿಸಿಕೊಂಡರೆ ವರ್ಷಕ್ಕೆ ಗರಿಷ್ಠ ಎಷ್ಟು ಕೊಡುತ್ತಾರೆ, ಪ್ರತಿ ಸಲ ನಮ್ಮ ಕೈಯಿಂದ ಎಷ್ಟು ಹಾಕಬೇಕು, ವಿಮೆ ಆರಂಭವಾಗಲು ಎಷ್ಟು ದಿನ ಕಾಯಬೇಕು, ವಯಸ್ಸಾದ ಮೇಲೂ ಮುಂದುವರಿಯುತ್ತದೆಯೇ ಎಂಬ ನಾಲ್ಕನ್ನು ಓದಿ. ನನ್ನ ಮಟ್ಟಿಗೆ, ವಿಮೆ ಇರಲಿ ಬಿಡಲಿ, ಚುಕ್ಕಿಯ ಹೆಸರಿನಲ್ಲಿ ಪ್ರತ್ಯೇಕವಾಗಿ ತಿಂಗಳು ತಿಂಗಳು ಹಣ ಎತ್ತಿಡುವುದೇ ಭದ್ರ. ಅದರಲ್ಲಿ ಅರ್ಧವನ್ನು ನಾನು ಕಳುಹಿಸುತ್ತೇನೆ. ದಯವಿಟ್ಟು ಬೇಡವೆನ್ನಬೇಡಿ, ನಾನು ದೂರವಿದ್ದು ಆ ಮರಿಗೆ ಮಾಡಬಹುದಾದದ್ದು ಇದೊಂದೇ.

ಕೊನೆಯದಾಗಿ, ಈ ಕೆಲವು ಮಾತುಗಳನ್ನು ಅಮ್ಮ ಒಂದು ಹಾಳೆಯ ಮೇಲೆ ಬರೆದು ಗೋಡೆಗೆ ಅಂಟಿಸಲಿ. ಮೂತ್ರಕ್ಕೆ ತಿಣುಕಿದರೂ ಬಾರದಿರುವುದು, ಹೊಟ್ಟೆ ಉಬ್ಬಿಕೊಂಡು ವಾಂತಿ ಬಾರದೆ ಓಕರಿಸುವುದು, ಉಸಿರಿಗೆ ಕಷ್ಟಪಡುವುದು, ವಸಡು ಬಿಳಿಚಿಕೊಳ್ಳುವುದು, ಸೆಳೆತ ಬರುವುದು, ಮರಿ ವಾಂತಿ ಭೇದಿಯಾಗಿ ಏನನ್ನೂ ಮುಟ್ಟದಿರುವುದು: ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲೆಂದು ಕಾಯಬಾರದು. ಮನೆಯಲ್ಲಿರುವ ಮನುಷ್ಯರ ನೋವಿನ ಮಾತ್ರೆಗಳನ್ನು ಯಾವ ಕಾರಣಕ್ಕೂ ಕೊಡಬಾರದು. ಐಬುಪ್ರೊಫೆನ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡಿ ಮೂತ್ರಪಿಂಡವನ್ನು ಕೆಡಿಸಬಲ್ಲದು, ಪ್ಯಾರಾಸಿಟಮಾಲ್ ಬೆಕ್ಕಿಗಂತೂ ನೇರ ವಿಷ. ಚಾಕೊಲೇಟ್, ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿ ಅದರ ಬಾಯಿಗೆ ಎಟುಕದಿರಲಿ.

ನೀವು ಒಬ್ಬಿಬ್ಬರು ವೈದ್ಯರನ್ನು ನೋಡಿ ಬಂದ ಮೇಲೆ ಅವರು ಏನು ಕೇಳಿದರು, ಚುಕ್ಕಿಯನ್ನು ಹೇಗೆ ಹಿಡಿದರು, ತೂಕ ಎಷ್ಟು ಬಂತು ಎಂಬುದನ್ನು ನನಗೆ ವಿವರವಾಗಿ ಬರೆಯಿರಿ. ಅಂದಾಜು ವೆಚ್ಚದ ಹಾಳೆ ಕೊಟ್ಟರೆ ಅದರ ಫೋಟೊ ಕಳುಹಿಸಿ, ಇಬ್ಬರೂ ಕೂಡಿ ಓದೋಣ. ಕರಿಯ ಈಗ ನನ್ನ ಪಕ್ಕದಲ್ಲೇ ಮಲಗಿದ್ದಾನೆ. ನಾಳೆ ಬೆಳಿಗ್ಗೆ ಅವನ ರಕ್ತ ಪರೀಕ್ಷೆಗೆ ಹೋಗಬೇಕಾಗಿದೆ.

ಇಂತಿ ನಿಮ್ಮ ಪ್ರೀತಿಯ ಮಗಳು