ಕಟ್ಟುವ ಮುಂಚೆ ನೆಲ ಬಲ್ಲವರನ್ನು ಕೇಳಿ

ಮಾನ್ಯ ಸಂಪಾದಕರೇ,

ನಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್ ಗೋಡೆಯ ಮೇಲೆ ಇನ್ನೂ ಒಂದು ಕೆಸರಿನ ಗೆರೆ ಇದೆ. 2022ರ ಸೆಪ್ಟೆಂಬರ್ ಮಳೆಗೆ ನೀರು ನಿಂತ ಮಟ್ಟ ಅದು. ನನ್ನ ಎದೆಯಷ್ಟು ಎತ್ತರ. ಸಂಪಿಗೂ ಅದೇ ನೀರು ನುಗ್ಗಿತ್ತು. ಇಲ್ಲಿ ಮುಂಚೆ ಕಾಲುವೆ ಹರಿಯುತ್ತಿತ್ತು ಅಂತ ಪಕ್ಕದ ಊರಿನ ಅಜ್ಜ ಒಬ್ಬರು ಆಮೇಲೆ ಹೇಳಿದರು. ಹಳೇ ಗ್ರಾಮ ನಕ್ಷೆಯಲ್ಲೂ ಆ ಕಾಲುವೆ ಇದೆ. ಪ್ಲಾನ್ ಮಂಜೂರು ಮಾಡುವಾಗ ಇದನ್ನು ಯಾರೂ ನೋಡಲಿಲ್ಲವೇ?

ದೊಡ್ಡ ವಸತಿ ಯೋಜನೆಗಳಿಗೆ ಪರಿಸರ ವರದಿ ಇರುತ್ತದೆ, ನಿಜ. ಆದರೆ ಅದನ್ನು ಬರೆಯುವ ಸಲಹೆಗಾರರನ್ನು ಗೊತ್ತು ಮಾಡುವುದು, ಹಣ ಕೊಡುವುದು ಬಿಲ್ಡರೇ. ಅನ್ನ ಕೊಡುವವರ ವಿರುದ್ಧ ಬರೆಯುವುದು ಕಷ್ಟ ಅಲ್ವಾ? ಬೆಂಗಳೂರಿನಲ್ಲಿ ತಿಳಿದವರಿಗೇನೂ ಬರವಿಲ್ಲ. ಕೆರೆಗಳನ್ನು ಉಳಿಸಿ ಅಂತ ಸರ್ಕಾರವೇ ನೇಮಿಸಿದ್ದ ಲಕ್ಷ್ಮಣ ರಾವ್ ತಜ್ಞರ ಸಮಿತಿ 1980ರ ದಶಕದಲ್ಲೇ ಹೇಳಿತ್ತು.

ಪರಿಸರ ವರದಿಯ ಶುಲ್ಕವನ್ನು ಬಿಲ್ಡರ್‌ನಿಂದಲೇ ವಸೂಲಿ ಮಾಡಲಿ, ತಜ್ಞರನ್ನು ಮಾತ್ರ ಪಾಲಿಕೆ ಅಥವಾ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ (ಬಿಡಿಎ) ಆರಿಸಲಿ. ವರದಿ ಕನ್ನಡದಲ್ಲಿ ಎಲ್ಲರಿಗೂ ಸಿಗಲಿ. ತಜ್ಞರ ಮಾತನ್ನು ಒಪ್ಪದಿದ್ದರೆ, ಯಾಕೆ ಒಪ್ಪಲಿಲ್ಲ ಅಂತ ಅಧಿಕಾರಿಗಳು ಸಹಿ ಹಾಕಿ ಬರೆದು ಕೊಡಲಿ.

– ಒಬ್ಬ ನಿವಾಸಿ, ಸರ್ಜಾಪುರ ರಸ್ತೆ, ಬೆಂಗಳೂರು